ಎಡಗಡೆಯ ಬೆಂಚುಗಳು



ಎರಡು ತಿಂಗಳಿಂದ ನಾನು ಏನನ್ನೂ ಬರೆದಿಲ್ಲ. ನಿಮ್ಮಲ್ಲಿ ಕೆಲವರು ದೂರವಾಣಿ ಮಾಡಿ ವಿಚಾರಿಸಿದಿರಿ. ಬರೆಯಲು ಬೇಸರವಾಗಿ ಸುಮ್ಮನಿದ್ದುದಲ್ಲ. ಬರುವ ತಿಂಗಳ ಎರಡನೆಯ ವಾರದಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಮೆದುಳಿಗೆ ಶಸ್ತ್ರಚಿಕಿತ್ಸೆ ನಡೆಯಲಿದೆ. ಅದರ ಸಿದ್ಧತೆಯಲ್ಲಿಯೇ ದಿನಗಳು ಕಳೆದುಹೋದವು. ಈ ಸುದ್ದಿ ನೆಂಟರಿಷ್ಟರಲ್ಲಿ ಬಾಯಿಂದ ಬಾಯಿಗೆ ಹೋಗಿ, ಸಾಗರದ ಕಡೆಯವರಿಗೆ ತಲುಪುವ ಹೊತ್ತಿಗೆ ಮೆದುಳಿನ ಗಡ್ಡೆಯಾಗಿ, ಹುಬ್ಬಳ್ಳಿಯ ಕಡೆಯವರಿಗೆ ಲಕ್ವವಾಗಿ ಬದಲಾಗಿದೆ ಎಂದು ತಿಳಿಯಿತು. ಅದು ಎರಡೂ ಅಲ್ಲ. ಇರುವುದನ್ನು ಇರುವಂತೆ ನಾನೇ ಬರೆಯುವುದು ಒಳಿತೆನಿಸಿತು. ಅಲ್ಲದೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹೇಳಬೇಕಾದ ಮಾತೊಂದು ಇಪ್ಪತ್ತು ವರ್ಷಕ್ಕೂ ಮೀರಿ ಬಾಕಿ ಉಳಿದಿದೆ. ಆಸ್ಪತ್ರೆಗೆ ಸೇರುವ ಮುನ್ನ ಅದನ್ನೂ ತೀರಿಸಬೇಕಾಗಿದೆ.

ನನ್ನ ಕಾಯಿಲೆಯ ಹೆಸರು ಡಿಸ್ಟೋನಿಯಾ. ಸ್ನಾಯುಗಳು ನಮ್ಮ ಇಚ್ಛೆಯನ್ನು ಕೇಳದೆ ತಾವಾಗಿಯೇ ಸೆಳೆದುಕೊಂಡು, ದೇಹದ ಒಂದು ಭಾಗವನ್ನು ತಿರುಚಿಬಿಡುವ ರೋಗ ಅದು. ಈ ಹೆಸರನ್ನು ಕೊಟ್ಟವರು ಬರ್ಲಿನ್ನಿನ ನರವೈದ್ಯ ಹರ್ಮನ್ ಓಪ್ಪೆನ್‌ಹೈಮ್, 1911ರಲ್ಲಿ. ಕೆಲವರಿಗೆ ಮೈಯೆಲ್ಲ ತಿರುಚಿಕೊಳ್ಳುತ್ತದೆ. ಕೆಲವರಿಗೆ ಬರೆಯುವ ಕೈ, ಕೆಲವರಿಗೆ ಕಣ್ಣಿನ ರೆಪ್ಪೆ. ನನಗೆ ಹಿಡಿದದ್ದು ಕತ್ತು. ಕತ್ತಿನ ಎಡಗಡೆಯ ಸ್ನಾಯು ಬಿಗಿದ ಹಗ್ಗದಂತೆ ಉಬ್ಬಿ ತಲೆಯನ್ನು ಬಲಕ್ಕೆ ತಿರುಗಿಸುತ್ತದೆ. ಎಡಗಡೆಯ ಸ್ನಾಯು ಎಳೆದರೆ ಮುಖ ಬಲಕ್ಕೆ ಹೊರಳುವುದು ವಿಚಿತ್ರವೆನಿಸಬಹುದು. ಕತ್ತಿನ ರಚನೆ ಇರುವುದೇ ಹಾಗೆ. ನೀವು ಕನ್ನಡಿಯ ಮುಂದೆ ನಿಂತು ಪರೀಕ್ಷಿಸಿ ನೋಡಬಹುದು.

ಇದು ಆರಂಭವಾದದ್ದು 1998ರಲ್ಲಿ. ಆಗ ನನಗೆ ಮೂವತ್ತಾರು ವರ್ಷ. ಮೊದಲು ಗೊತ್ತಾದದ್ದು ಕರಿಹಲಗೆಯ ಮುಂದೆ. ಸಮೀಕರಣದ ಎಡಬದಿಯನ್ನು ಬರೆಯುತ್ತಿರುವಾಗಲೇ ನನ್ನ ಕಣ್ಣು ಬಲಬದಿಗೆ ಹೊರಟುಹೋಗುತ್ತಿತ್ತು. ತಲೆಯನ್ನು ಎಳೆದು ತಂದರೆ ಮತ್ತೆ ಜಾರುತ್ತಿತ್ತು. ಮಲಗುವಾಗ ಕತ್ತು ಉಳುಕಿರಬೇಕೆಂದು ಎಣ್ಣೆ ತಿಕ್ಕಿಸಿಕೊಂಡೆ. ಪಕ್ಕದೂರಿನಲ್ಲಿ ಉಳುಕು ತೆಗೆಯುವ ಅಜ್ಜನ ಬಳಿಗೆ ಮೂರು ಅಮಾವಾಸ್ಯೆ ಹೋಗಿಬಂದೆ. ಕತ್ತುಪಟ್ಟಿ ಕಟ್ಟಿಕೊಂಡೆ. ಯಾವುದರಿಂದಲೂ ಗುಣ ಕಾಣಲಿಲ್ಲ. ಆದರೆ ಒಂದು ಉಪಾಯ ತಾನಾಗಿಯೇ ಸಿಕ್ಕಿತು. ಗದ್ದಕ್ಕೆ ಒಂದು ಬೆರಳನ್ನು ಮೆಲ್ಲಗೆ ತಾಗಿಸಿದರೆ ಸಾಕು, ಒತ್ತಬೇಕಾಗಿಯೂ ಇರಲಿಲ್ಲ, ತಲೆ ಸಾಧುವಾಗಿ ನಡುವಿಗೆ ಬಂದು ನಿಲ್ಲುತ್ತಿತ್ತು. ಬೆರಳು ತೆಗೆದ ಸ್ವಲ್ಪ ಹೊತ್ತಿಗೆ ಮತ್ತೆ ಬಲಕ್ಕೆ. ಪಾಠ ಮಾಡುವಾಗ ಸೀಮೆಸುಣ್ಣ ಹಿಡಿದ ಕೈಯೇ ಗದ್ದಕ್ಕೆ ಹೋಗುತ್ತಿದ್ದುದರಿಂದ ಸಂಜೆಯ ಹೊತ್ತಿಗೆ ಗದ್ದವೆಲ್ಲ ಬಿಳಿ. ನೀವು ನನಗೆ ‘ಬಿಳಿಗದ್ದದ ಮೇಷ್ಟ್ರು’ ಎಂದು ಹೆಸರಿಟ್ಟದ್ದು ನನಗೆ ಆಗಲೇ ಗೊತ್ತಿತ್ತು. ಅದರ ಬಗ್ಗೆ ನನಗೆ ಬೇಸರವಿಲ್ಲ.

ಬೇಸರವಾದದ್ದು ಬೇರೆ ಕಾರಣಕ್ಕೆ. ಆ ಉಪಾಯವೇ ನನಗೆ ಶತ್ರುವಾಯಿತು. ಪಟ್ಟಣದ ವೈದ್ಯರೊಬ್ಬರು ನನ್ನನ್ನು ಕೂಲಂಕಷವಾಗಿ ನೋಡಿ, “ಬೆರಳು ತಾಗಿಸಿದರೆ ಸರಿಹೋಗುತ್ತದೆ ಎಂದರೆ ಕತ್ತಿನಲ್ಲಿ ಏನೂ ತೊಂದರೆ ಇಲ್ಲ ಮೇಷ್ಟ್ರೇ. ಇದು ಮನಸ್ಸಿನದು” ಎಂದು ನಿದ್ದೆಯ ಮಾತ್ರೆ ಬರೆದುಕೊಟ್ಟರು. ಅವರನ್ನು ನಾನು ದೂರುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಪ್ರಸಿದ್ಧ ವೈದ್ಯ ಬ್ರಿಸ್ಸೋ ಕೂಡ ಈ ಬೆರಳಿನ ಉಪಾಯವನ್ನು ಗಮನಿಸಿ, ಇದು ಮನಸ್ಸಿನ ಕಾಯಿಲೆ ಎಂದೇ ತೀರ್ಮಾನಿಸಿದ್ದರಂತೆ. 1970ರ ದಶಕದಲ್ಲಿ ಲಂಡನ್ನಿನ ಡೇವಿಡ್ ಮಾರ್ಸ್‌ಡೆನ್ ಮೊದಲಾದವರು, ಇದು ಮೆದುಳಿನ ಆಳದಲ್ಲಿ ಚಲನೆಯನ್ನು ನಿಯಂತ್ರಿಸುವ ಗಂಟುಗಳ ದೋಷವೆಂದು ವಾದಿಸಿ ಆ ನಂಬಿಕೆಯನ್ನು ಬದಲಿಸಿದರು. ಆದರೆ ಲಂಡನ್ನಿನಲ್ಲಿ ತಿಳಿದದ್ದು ನಮ್ಮ ಮಲೆನಾಡಿನ ಮೂಲೆಯನ್ನು ತಲುಪಲು ಕಾಲ ಹಿಡಿಯಿತು. ನನ್ನ ಕಾಯಿಲೆಗೆ ಸರಿಯಾದ ಹೆಸರು ಸಿಕ್ಕಿದ್ದು 2006ರಲ್ಲಿ, ಬೆಂಗಳೂರಿನ ನರರೋಗ ತಜ್ಞರೊಬ್ಬರಿಂದ. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು.

ಆ ಎಂಟು ವರ್ಷಗಳಲ್ಲಿ ನಡೆದ ಒಂದು ಸಂಗತಿಯನ್ನು ಈಗ ಹೇಳಬೇಕು.

ಆಗ ನಾನು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿದ್ದೆ. ನಮ್ಮ ಶಾಲೆಗಳ ಪದ್ಧತಿ ನಿಮಗೆ ಗೊತ್ತೇ ಇದೆ. ಒಂದು ಬದಿಗೆ ಗಂಡುಹುಡುಗರ ಬೆಂಚು, ಇನ್ನೊಂದು ಬದಿಗೆ ಹೆಣ್ಣುಮಕ್ಕಳ ಬೆಂಚು. ನಾನು ತರಗತಿಯ ಕಡೆ ಮುಖ ಮಾಡಿ ನಿಂತರೆ ಹೆಣ್ಣುಮಕ್ಕಳು ನನ್ನ ಬಲಗಡೆಗೆ ಬರುತ್ತಿದ್ದರು. ನನ್ನ ಕತ್ತು ಎಳೆಯುತ್ತಿದ್ದುದೂ ಬಲಗಡೆಗೇ. ಮುಂದಿನದನ್ನು ನೀವು ಊಹಿಸಬಹುದು. 2002ರಲ್ಲಿ ಒಂದು ದಿನ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, ಬಾಗಿಲು ಮುಂದೆ ಮಾಡಿ, ಸಹಿಯಿಲ್ಲದ ಒಂದು ಪತ್ರವನ್ನು ಮೇಜಿನ ಮೇಲಿಟ್ಟರು. ಗಣಿತದ ಮಾಸ್ತರರು ಪಾಠ ಮಾಡುವಷ್ಟು ಹೊತ್ತೂ ಹೆಣ್ಣುಮಕ್ಕಳ ಕಡೆಯೇ ನೋಡುತ್ತಾರೆ ಎಂದು ಅದರಲ್ಲಿ ಬರೆದಿತ್ತು.

“ನನಗೆ ನಿಮ್ಮ ಮೇಲೆ ಸಂಶಯವಿಲ್ಲ. ಆದರೆ ಊರ ಬಾಯಿಗೆ ಬೀಗ ಹಾಕೋರು ಯಾರು?” ಎಂದರು ಅವರು.

ನಾನು ಆಗ ನನಗಿರುವ ತೊಂದರೆಯನ್ನು ಬಿಚ್ಚಿ ಹೇಳಬೇಕಾಗಿತ್ತು. ಹೇಳಲಿಲ್ಲ. ಮನಸ್ಸಿನ ಕಾಯಿಲೆ ಎಂದು ವೈದ್ಯರು ಹೇಳಿದ್ದಾರೆ ಎಂದರೆ ಹುಚ್ಚನೆಂದು ಹೆಸರಾಗುತ್ತದೆ, ಕೆಲಸಕ್ಕೂ ಸಂಚಕಾರ ಬರಬಹುದು ಎಂಬ ಭಯ. ಕತ್ತು ಉಳುಕಿದೆ ಎಂದೆ. ನಾಲ್ಕು ವರ್ಷದ ಉಳುಕು! ಅವರು ಒಳ್ಳೆಯವರು, ನಂಬಿದಂತೆ ನಟಿಸಿದರು. ಕೊನೆಗೆ ಒಂದು ಪರಿಹಾರವನ್ನು ನಾನೇ ಸೂಚಿಸಿದೆ. ಮರುದಿನದಿಂದ ಹೆಣ್ಣುಮಕ್ಕಳು ನನ್ನ ಎಡಗಡೆಗೆ ಬಂದರು, ಹುಡುಗರು ಬಲಗಡೆಗೆ ಹೋದರು. ಯಾಕೆಂದು ಯಾರಿಗೂ ಹೇಳಲಿಲ್ಲ. ಪತ್ರಗಳು ನಿಂತವು. ನಾನು ನೆಮ್ಮದಿಯ ಉಸಿರು ಬಿಟ್ಟೆ.

ಆ ನೆಮ್ಮದಿಯ ಬೆಲೆ ಏನೆಂದು ತಿಳಿದದ್ದು ಬಹಳ ತಡವಾಗಿ, 2014ರಲ್ಲಿ. ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆ. “ನಮಸ್ಕಾರ ಸಾರ್, ಗುರುತು ಸಿಕ್ತಾ?” ಎಂಬ ದನಿ ಎಡಗಡೆಯಿಂದ ಕೇಳಿತು. ಕತ್ತು ತಿರುಗದು, ಇಡೀ ಮೈಯನ್ನು ತಿರುಗಿಸಿ ನೋಡಿದೆ. ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ. 2003ರ ಹತ್ತನೆಯ ತರಗತಿಯ ಹುಡುಗಿ, ಎಡಗಡೆಯ ಎರಡನೆಯ ಬೆಂಚಿನವಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

“ನೀವು ನನ್ನ ಕಡೆ ಹೀಗೆ ಪೂರ್ತಿ ತಿರುಗಿ ನೋಡಿದ್ದು ಇದೇ ಮೊದಲು ಸಾರ್” ಎಂದು ನಕ್ಕಳು. ಊರು, ಮನೆ, ಮಕ್ಕಳು ಎಲ್ಲವನ್ನೂ ವಿಚಾರಿಸಿದ್ದಾಯಿತು. ಗಣಿತದಲ್ಲಿ ನಾಲ್ಕು ಅಂಕ ಕಡಿಮೆಯಾಗಿ ಅವಳು ಎಸ್ಸೆಸ್ಸೆಲ್ಸಿಯಲ್ಲಿ ಅನುತ್ತೀರ್ಣಳಾದದ್ದು ನನಗೆ ನೆನಪಿತ್ತು. ಮತ್ತೆ ಪರೀಕ್ಷೆಗೆ ಕಟ್ಟಲಿಲ್ಲವೇ ಎಂದು ಕೇಳಿದೆ. ಅಪ್ಪ ಬೇಡ ಅಂದರು, ಮುಂದಿನ ವರ್ಷವೇ ಮದುವೆಯಾಯಿತು ಎಂದಳು. ಆಮೇಲೆ, ಯಾವ ಸಿಟ್ಟೂ ಇಲ್ಲದೆ, ಹಳೆಯ ತಮಾಷೆಯೊಂದನ್ನು ನೆನೆದಂತೆ ಹೇಳಿದಳು: “ವರ್ಗ ಸಮೀಕರಣ ಮಾಡುವಾಗ ಒಂದು ವಾರ ದಿನಾ ಕೈ ಎತ್ತಿದ್ದೆ ಸಾರ್. ನೀವು ನೋಡಲೇ ಇಲ್ಲ. ನಿಮಗೆ ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡು ಬಿಟ್ಟುಬಿಟ್ಟೆ.”

ಆ ಹೊತ್ತಿಗೆ ನನ್ನ ಕಾಯಿಲೆಯ ಹೆಸರು ನನಗೆ ಗೊತ್ತಾಗಿ ಎಂಟು ವರ್ಷವಾಗಿತ್ತು. ಹೇಳಲು ನಾಚಿಕೆಪಡುವ ಕಾರಣ ಯಾವುದೂ ಉಳಿದಿರಲಿಲ್ಲ. ಆದರೂ ನನ್ನ ಬಾಯಿಂದ ಹೊರಟದ್ದು “ಹೌದೇನಮ್ಮಾ?” ಎಂಬ ಮಾತು ಮಾತ್ರ. ಅಷ್ಟರಲ್ಲಿ ಅವಳ ಬಸ್ಸು ಬಂತು. ಹೋಗಿಬಿಟ್ಟಳು. ಅವಳು ಅನುತ್ತೀರ್ಣಳಾದದ್ದು ನನ್ನ ಕತ್ತಿನಿಂದಲೇ ಎಂದು ಹೇಳಲಾರೆ; ಅದಕ್ಕೆ ಹತ್ತು ಕಾರಣಗಳಿರಬಹುದು. ಆದರೆ ಆ ಹತ್ತರಲ್ಲಿ ಒಂದು ನಾನು. ಹೆಣ್ಣುಮಕ್ಕಳನ್ನು ಎಡಗಡೆಗೆ ಕೂರಿಸಿದವನು ನಾನೇ, ಕಾರಣವನ್ನು ಮುಚ್ಚಿಟ್ಟವನೂ ನಾನೇ. ಕತ್ತು ತಿರುಗದಿದ್ದುದು ರೋಗ. ಎರಡು ಹೆಜ್ಜೆ ಸರಿದು, ಮೈ ತಿರುಗಿಸಿ ಆ ಬೆಂಚುಗಳನ್ನು ನೋಡದಿದ್ದುದು ರೋಗವಲ್ಲ.

ಇನ್ನು ಚಿಕಿತ್ಸೆಯ ವಿಚಾರ. 2006ರಿಂದ ಬೊಟುಲಿನಮ್ ಟಾಕ್ಸಿನ್ ಎಂಬ ಚುಚ್ಚುಮದ್ದು ಆರಂಭವಾಯಿತು. ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಸೂಕ್ಷ್ಮಾಣುಜೀವಿಯ ಘೋರ ವಿಷವದು. ಅದನ್ನೇ ಅತ್ಯಲ್ಪ ಪ್ರಮಾಣದಲ್ಲಿ ಸ್ನಾಯುವಿಗೆ ಚುಚ್ಚಿದರೆ, ಸ್ನಾಯು ಮೂರು ತಿಂಗಳ ಮಟ್ಟಿಗೆ ಸಡಿಲಗೊಳ್ಳುತ್ತದೆ. ಅವಧಿ ಮುಗಿದರೆ ಮತ್ತೆ ಚುಚ್ಚಿಸಿಕೊಳ್ಳಬೇಕು. ವರ್ಷಕ್ಕೆ ಮೂರು-ನಾಲ್ಕು ಬಾರಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಚುಚ್ಚಿಸಿಕೊಂಡು, ಮರುರಾತ್ರಿಯ ಬಸ್ಸಿಗೆ ಹಿಂದಿರುಗುತ್ತಿದ್ದೆ. ಅದರ ಪುಣ್ಯದಿಂದ 2022ರವರೆಗೆ ಪಾಠ ಮಾಡಿ ನಿವೃತ್ತನಾದೆ. ಆದರೆ ಕೊನೆಕೊನೆಗೆ ಮದ್ದಿನ ಫಲ ತಗ್ಗಿತು. ಮೂರು ತಿಂಗಳ ಆರಾಮ ಒಂದು ತಿಂಗಳಿಗೆ ಇಳಿಯಿತು. ನೋವು ಹೆಗಲಿಗೆ, ಬೆನ್ನಿಗೆ ಇಳಿಯಿತು. ಬೆರಳಿನ ಉಪಾಯವೂ ಮುದಿಯಾಯಿತು. ಈಗ ಅಂಗೈಯಿಂದಲೇ ತಳ್ಳಬೇಕು. ರಸ್ತೆ ದಾಟುವಾಗ ಎಡದಿಂದ ಬರುವ ವಾಹನ ಕಾಣುವುದಿಲ್ಲ. ಊಟಕ್ಕೆ ಕುಳಿತರೆ ಪಕ್ಕದವರ ಎಲೆ ಕಾಣುತ್ತದೆ, ನನ್ನ ಎಲೆ ಕಾಣುವುದಿಲ್ಲ.

ಆಗ ವೈದ್ಯರು ಡೀಪ್ ಬ್ರೈನ್ ಸ್ಟಿಮ್ಯುಲೇಷನ್ ಎಂಬ ಚಿಕಿತ್ಸೆಯ ಮಾತೆತ್ತಿದರು. ಮೆದುಳಿನ ಆಳಕ್ಕೆ ಸಣ್ಣ ವಿದ್ಯುತ್ತನ್ನು ಹರಿಸಿ ಕೆಟ್ಟ ಸಂಕೇತಗಳನ್ನು ತಡೆಯುವ ವಿಧಾನವಿದು. ಇದರ ಇತಿಹಾಸವನ್ನು ಗಣಿತದ ಮೇಷ್ಟ್ರ ಕುತೂಹಲದಿಂದ ಓದಿಕೊಂಡೆ. ಹಿಂದೆ ನಡುಕದ ರೋಗಿಗಳಿಗೆ ಮೆದುಳಿನ ಒಂದು ಚುಕ್ಕೆಯಷ್ಟು ಜಾಗವನ್ನು ಸುಡುತ್ತಿದ್ದರು. ಸುಡುವ ಮೊದಲು ಜಾಗ ಸರಿಯೇ ಎಂದು ತಿಳಿಯಲು ಸ್ವಲ್ಪ ವಿದ್ಯುತ್ ಹರಿಸಿ ನೋಡುವುದು ರೂಢಿ. 1987ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್ ನಗರದಲ್ಲಿ ಅಲಿಮ್ ಲೂಯಿ ಬೆನಬಿಡ್ ಎಂಬ ಶಸ್ತ್ರವೈದ್ಯರು, ಸೆಕೆಂಡಿಗೆ ನೂರಕ್ಕೂ ಮಿಕ್ಕ ಮಿಡಿತಗಳ ವಿದ್ಯುತ್ ಕೊಟ್ಟಾಗ, ಸುಡದೆಯೇ ನಡುಕ ನಿಲ್ಲುವುದನ್ನು ಕಂಡರು. ಸುಟ್ಟದ್ದು ಮತ್ತೆ ಬಾರದು. ವಿದ್ಯುತ್ತನ್ನಾದರೆ ಹೆಚ್ಚಿಸಬಹುದು, ತಗ್ಗಿಸಬಹುದು, ನಿಲ್ಲಿಸಲೂಬಹುದು. ಫ್ರಾನ್ಸಿನದೇ ಮಾಂಪೆಲಿಯೆ ನಗರದಲ್ಲಿ ಫಿಲಿಪ್ ಕೂಬ್ ಅವರ ತಂಡ, ಮೈಯೆಲ್ಲ ತಿರುಚಿಕೊಂಡಿದ್ದ ಡಿಸ್ಟೋನಿಯಾ ರೋಗಿಗಳಿಗೆ ಇದೇ ವಿಧಾನವನ್ನು ಅನ್ವಯಿಸಿ, ಅದರ ಫಲವನ್ನು 2000ದಲ್ಲಿ ಪ್ರಕಟಿಸಿತು. ಅಮೆರಿಕದಲ್ಲಿ 2003ರಲ್ಲಿ ಡಿಸ್ಟೋನಿಯಾಕ್ಕೆ ಇದನ್ನು ಬಳಸಲು ಅನುಮತಿ ದೊರೆಯಿತು. ಆ ಹುಡುಗಿ ಎಡಗಡೆಯ ಬೆಂಚಿನಲ್ಲಿ ಕುಳಿತು ಪರೀಕ್ಷೆ ಬರೆದ ವರ್ಷವೂ ಅದೇ.

ನನಗೆ ಮಾಡುವುದು ಹೀಗೆ. ತಲೆಬುರುಡೆಯ ಎರಡೂ ಬದಿಗೆ ಸಣ್ಣ ರಂಧ್ರ ಕೊರೆದು, ಗ್ಲೋಬಸ್ ಪ್ಯಾಲಿಡಸ್ ಎಂಬ ಗಂಟಿನ ಒಳಭಾಗಕ್ಕೆ ಒಂದೊಂದು ಎಲೆಕ್ಟ್ರೋಡ್ ಇಳಿಸುತ್ತಾರೆ. ಅದರ ದಪ್ಪ ಒಂದೂಕಾಲು ಮಿಲಿಮೀಟರ್‌ಗಿಂತ ತುಸು ಹೆಚ್ಚು. ಶಾವಿಗೆಯ ಎಳೆ ಎಂದುಕೊಳ್ಳಿ. ಅದರಿಂದ ಹೊರಟ ತಂತಿ ಕಿವಿಯ ಹಿಂದಿನಿಂದ, ಕತ್ತಿನ ಚರ್ಮದಡಿಯಲ್ಲೇ ಇಳಿದು, ಕೊರಳೆಲುಬಿನ ಕೆಳಗೆ ಎದೆಯಲ್ಲಿ ಹುದುಗಿಸುವ ಬ್ಯಾಟರಿಗೆ ಸೇರುತ್ತದೆ. ತಲೆಗೆ ಲೋಹದ ಚೌಕಟ್ಟನ್ನು ಬಿಗಿದು, ಎಂ.ಆರ್.ಐ. ಮತ್ತು ಸಿ.ಟಿ. ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ, ತಲುಪಬೇಕಾದ ಬಿಂದುವನ್ನು ಮೂರು ಅಕ್ಷಗಳ ನಿರ್ದೇಶಾಂಕಗಳಿಂದ ಗುರುತಿಸುತ್ತಾರೆ. ನಾನು ಮೂವತ್ತು ವರ್ಷ ಗ್ರಾಫ್ ಹಾಳೆಯ ಮೇಲೆ ಕಲಿಸಿದ ಎಕ್ಸ್, ವೈ ಅಕ್ಷಗಳು ಕೊನೆಗೆ ನನ್ನ ತಲೆಯೊಳಗೇ ಬಂದವು! ಆ ಗಂಟಿನ ಸ್ವಲ್ಪ ಕೆಳಗೇ ದೃಷ್ಟಿಯ ನರಪಥ ಹಾದುಹೋಗುತ್ತದೆಯಂತೆ. ಆದ್ದರಿಂದ ಮಿಲಿಮೀಟರಿಗೂ ಲೆಕ್ಕವಿದೆ.

ದೊಡ್ಡಪ್ಪನ ಮಗನೊಬ್ಬ ಫೋನಿನಲ್ಲಿ, “ನಿನಗೂ ಆಪರೇಷನ್ ಮಾಡುವಾಗ ಗಿಟಾರ್ ಕೊಡ್ತಾರಾ?” ಎಂದು ಕೇಳಿದ. 2017ರಲ್ಲಿ ಬೆಂಗಳೂರಿನಲ್ಲಿ ಬೆರಳುಗಳ ಡಿಸ್ಟೋನಿಯಾ ಇದ್ದ ಯುವಕನೊಬ್ಬ, ಮೆದುಳಿನ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಗಿಟಾರ್ ನುಡಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅದು ಹಳೆಯ ಮಾದರಿಯ, ಚುಕ್ಕೆಯಷ್ಟು ಜಾಗವನ್ನು ಸುಡುವ ಚಿಕಿತ್ಸೆ. ಬೆರಳು ಸರಿಯಾಯಿತೇ ಎಂದು ಆಗಲೇ ತಿಳಿಯಬೇಕಾದ್ದರಿಂದ ಅವನು ಎಚ್ಚರವಾಗಿದ್ದ. ನನ್ನನ್ನು ಪೂರ್ಣ ಅರಿವಳಿಕೆಯಲ್ಲಿ ಮಲಗಿಸುತ್ತಾರೆ. ತಿರುಚುವ ಕತ್ತನ್ನು ಚೌಕಟ್ಟಿನಲ್ಲಿ ಎಚ್ಚರವಾಗಿ ಹಿಡಿದಿಡುವುದು ಕಷ್ಟ. ಅಲ್ಲದೆ ಡಿಸ್ಟೋನಿಯಾದಲ್ಲಿ ಫಲ ತಕ್ಷಣ ಕಾಣುವುದೂ ಇಲ್ಲ. ವಾರಗಳು, ತಿಂಗಳುಗಳು ಹಿಡಿಯುತ್ತವೆ. ವೈದ್ಯರು ವಿದ್ಯುತ್ತನ್ನು ಸ್ವಲ್ಪಸ್ವಲ್ಪವೇ ಹೊಂದಿಸುತ್ತ ಹೋಗುತ್ತಾರೆ.

ಸಿದ್ಧತೆಯೆಂದರೆ ರಕ್ತ ಪರೀಕ್ಷೆ, ಹೃದಯ ಪರೀಕ್ಷೆಯಷ್ಟೇ ಎಂದುಕೊಂಡಿದ್ದೆ. ನನಗೂ ಒಂದು ಪರೀಕ್ಷೆ ಕಾದಿತ್ತು. ಮಗಳ ವಯಸ್ಸಿನ ಮನಶ್ಶಾಸ್ತ್ರಜ್ಞೆಯೊಬ್ಬಳು ಎದುರು ಕುಳಿತು, “ಸಾರ್, ನೂರರಿಂದ ಏಳೇಳು ಕಳೀತಾ ಹೋಗಿ” ಎಂದಳು. ಗಣಿತದ ಮೇಷ್ಟ್ರಿಗೆ ಇದೊಂದು ಲೆಕ್ಕವೇ ಎಂದು ಜಂಬದಿಂದ 93, 86, 79, 72 ಎಂದವನು ಅಲ್ಲೇ ನಿಂತುಬಿಟ್ಟೆ. ಅವಳು ಕಾಗದದ ಮೇಲೆ ಏನೋ ಬರೆದುಕೊಂಡದ್ದು ಕಂಡಿತು. ಮುಂದಿನ ಸಂಖ್ಯೆ ಬರಲೇ ಇಲ್ಲ. ನಾನು ಎಬ್ಬಿಸಿ ನಿಲ್ಲಿಸಿ ಬಾಯಿಲೆಕ್ಕ ಕೇಳಿದಾಗ ನಿಮ್ಮಲ್ಲಿ ಎಷ್ಟೋ ಜನ ಹೀಗೆಯೇ ನಿಂತಿರಬೇಕು. ಆಗ ನಾನು ಕಾಯುತ್ತಿದ್ದೆನೇ? ಅವಳು ಕಾದಳು. ಅರವತ್ತೈದು ಬಂತು.

ಅದಕ್ಕಿಂತ ಕಠಿಣವಾದದ್ದು ವಿಡಿಯೋ ಪರೀಕ್ಷೆ. ಕತ್ತಿನ ಡಿಸ್ಟೋನಿಯಾವನ್ನು ಅಳೆಯಲು ಟೊರಾಂಟೊ ಹೆಸರಿನ ಒಂದು ಅಂಕಪಟ್ಟಿಯಿದೆ. ತೀವ್ರತೆಗೆ 35, ಕೆಲಸಕ್ಕಾಗುವ ತೊಡಕಿಗೆ 30, ನೋವಿಗೆ 20, ಒಟ್ಟು 85. ಇದರಲ್ಲಿ ಅಂಕ ಹೆಚ್ಚಾದಷ್ಟೂ ಸ್ಥಿತಿ ಕೆಟ್ಟದ್ದು. ನನಗೆ ಬಂದದ್ದು 49. ಬದುಕಿನಲ್ಲಿ ಮೊದಲ ಬಾರಿಗೆ ಕಡಿಮೆ ಅಂಕ ಬರಲಿ ಎಂದು ಹಾರೈಸಿದ ಪರೀಕ್ಷೆ! ಅದರಲ್ಲಿ ಒಂದು ಪ್ರಶ್ನೆ ಹೀಗಿದೆ: ಬೆರಳಿನ ಉಪಾಯ ಮಾಡದೆ ತಲೆಯನ್ನು ಎಷ್ಟು ಹೊತ್ತು ನಡುವಿನಲ್ಲಿ ಹಿಡಿಯಬಲ್ಲಿರಿ? ಅರವತ್ತು ಸೆಕೆಂಡಿನವರೆಗೆ ಅಳೆಯುತ್ತಾರೆ. ಕುರ್ಚಿಯ ಮೇಲೆ ಕುಳಿತು, ಕೈಗಳನ್ನು ತೊಡೆಯ ಮೇಲಿಟ್ಟು, ಕ್ಯಾಮೆರಾದ ಎದುರು ಸುಮ್ಮನಿರಬೇಕು. ಇಪ್ಪತ್ತೇಳು ವರ್ಷದಿಂದ ಯಾರಾದರೂ ನೋಡುತ್ತಿದ್ದಾರೆಂದರೆ ನನ್ನ ಕೈ ಗದ್ದದ ಮೇಲೇ ಇರುತ್ತಿತ್ತು. ಅಂದು ಮೊದಲ ಸಲ ಮರೆಮಾಚದೆ ಕುಳಿತೆ. ಒಂಬತ್ತು ಸೆಕೆಂಡು ಹಿಡಿದೆ. ಆಮೇಲೆ ತಲೆ ಬಲಕ್ಕೆ ಹೊರಳಿ, ನಡುಗುತ್ತ ನಿಂತಿತು. ಬಲಗಡೆಯ ಗೋಡೆ, ಅದರ ಮೇಲಿನ ಕ್ಯಾಲೆಂಡರ್ ಅಷ್ಟೇ ಕಾಣುತ್ತಿತ್ತು. ಎಡಗಡೆಗೆ ನನ್ನ ಹೆಂಡತಿ, ಮಗಳು ಕುಳಿತಿದ್ದರು. ಅವರು ಅಲ್ಲಿದ್ದಾರೆಂದು ನನಗೆ ಗೊತ್ತು. ಮುಖ ಮಾತ್ರ ಕಾಣದು. ಅವಳು ವಾರವಿಡೀ ಕೈ ಎತ್ತಿದ್ದೂ ಅಂಥದೇ ಒಂದು ಜಾಗದಿಂದ.

ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆಂದು ಹೇಳಲಾರೆ. ನನ್ನ ಹೆಂಡತಿಯ ಪ್ರಶ್ನೆ ಒಂದೇ: “ಸಾಯುವ ಕಾಯಿಲೆ ಅಲ್ಲವಲ್ಲ? ಅರವತ್ತಮೂರರಲ್ಲಿ ತಲೆ ಕೊರೆಸ್ಕೊಳ್ಳೋದು ಯಾಕೆ? ನಾನು ನಿಮ್ಮ ಬಲಗಡೆ ನಡ್ಕೊಂಡು ಬಂದಿಲ್ವಾ ಇಷ್ಟು ವರ್ಷ?” ನಿಜ. ಇಷ್ಟು ವರ್ಷ ಅವಳು ನನ್ನ ಬಲಗಡೆಯೇ ನಡೆದಿದ್ದಾಳೆ, ಬಲಗಡೆಯೇ ಕುಳಿತಿದ್ದಾಳೆ. ಅಪಾಯವನ್ನು ವೈದ್ಯರು ಮುಚ್ಚಿಡಲಿಲ್ಲ. ನೂರರಲ್ಲಿ ಒಬ್ಬಿಬ್ಬರಿಗೆ ಮೆದುಳಿನೊಳಗೆ ರಕ್ತಸ್ರಾವವಾಗಬಹುದು, ಅಳವಡಿಸಿದ ಉಪಕರಣಕ್ಕೆ ಸೋಂಕು ತಗಲಿದರೆ ಎಲ್ಲವನ್ನೂ ತೆಗೆಯಬೇಕಾಗಬಹುದು, ಮಾತು ತೊದಲಬಹುದು. ಕತ್ತು ಪೂರ್ತಿ ನೇರವಾಗುತ್ತದೆಂದೂ ಅವರು ಹೇಳಿಲ್ಲ. ಅನೇಕರಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಸುಧಾರಿಸುತ್ತದೆ, ಕೆಲವರಲ್ಲಿ ಅಷ್ಟೂ ಇಲ್ಲ. ಅವಳಿಗೆ ನಾನು ನೋವಿನ ಕಾರಣ ಹೇಳಿದೆ, ಕತ್ತಿನ ಮೂಳೆ ಸವೆಯುತ್ತಿರುವುದನ್ನು ಹೇಳಿದೆ, ರಸ್ತೆ ದಾಟುವ ಮಾತು ಹೇಳಿದೆ. ಯಾವುದೂ ಅವಳಿಗೆ ಒಪ್ಪಿಗೆಯಾಗಲಿಲ್ಲ. ಅವಳು ಮೌನವಾದದ್ದು ಬಸ್ ನಿಲ್ದಾಣದ ಸಂಗತಿಯನ್ನು ಹೇಳಿದಾಗ. ಅದನ್ನು ಅವಳಿಗೂ ನಾನು ಅದುವರೆಗೆ ಹೇಳಿರಲಿಲ್ಲ. ಬಹಳ ಹೊತ್ತಿನ ಮೇಲೆ, “ನಿದ್ದೆಯಲ್ಲಿ ನಿಮ್ಮ ಕತ್ತು ನೇರವಾಗಿರುತ್ತೆ, ಗೊತ್ತಾ?” ಎಂದಳು. ವೈದ್ಯರೂ ಅದನ್ನೇ ಹೇಳಿದ್ದರು. ನಿದ್ದೆಯಲ್ಲಿ ಈ ಸೆಳೆತ ಅಡಗುತ್ತದೆ. ಹಾಗಿದ್ದ ನನ್ನನ್ನು ನಾನು ಕಂಡಿಲ್ಲ. ಅವಳು ಕಂಡಿದ್ದಾಳೆ.

ಕೂದಲಿನ ವಿಚಾರಕ್ಕೂ ಒಂದು ಚರ್ಚೆಯಾಯಿತು. ಹೇಗಿದ್ದರೂ ತಲೆ ಬೋಳಿಸಬೇಕಲ್ಲ, ಧರ್ಮಸ್ಥಳಕ್ಕೆ ಹೋಗಿ ಮುಡಿ ಕೊಟ್ಟೇ ಬರೋಣ ಎಂದು ಅವಳ ಯೋಚನೆ. ಅಪ್ಪ ತೀರಿಕೊಂಡಾಗ, ಅಮ್ಮ ತೀರಿಕೊಂಡಾಗ ಬೋಳಿಸಿದ ತಲೆಯನ್ನು ಈಗ ಸುಮ್ಮಸುಮ್ಮನೆ ಆಸ್ಪತ್ರೆಯಲ್ಲಿ ಬೋಳಿಸುವುದು ಅವಳಿಗೆ ಅಪಶಕುನವಾಗಿ ಕಂಡಿರಬೇಕು. ವೈದ್ಯರು ಒಪ್ಪಲಿಲ್ಲ. ಮೊದಲೇ ಕ್ಷೌರದ ಕತ್ತಿ ತಾಗಿಸಿದರೆ ಸಣ್ಣ ಗಾಯಗಳಿಂದ ಸೋಂಕು ಬರಬಹುದು, ಆ ದಿನವೇ ಯಂತ್ರದಿಂದ ಕತ್ತರಿಸುತ್ತೇವೆ ಎಂದರು. “ಹಾಗಾದ್ರೆ ಮತ್ತೆ ಬೆಳೆದ ಕೂದಲು ಸ್ವಾಮಿಗೆ” ಎಂದು ಹರಕೆಯನ್ನು ಮುಂದಕ್ಕೆ ಹಾಕಿದಳು. ರಕ್ತ ತೆಳುವಾಗಿಸುವ ಆಸ್ಪಿರಿನ್ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರು ಬರೆದುಕೊಟ್ಟ ಚೀಟಿ ಅಡುಗೆಮನೆಯ ಕ್ಯಾಲೆಂಡರಿಗೆ ಅಂಟಿದೆ. ಹಿಂದೆ ಕತ್ತಿಗೆ ಕೊಡಿಸುತ್ತಿದ್ದ ಡಯಾಥರ್ಮಿ ಎಂಬ ಶಾಖದ ಚಿಕಿತ್ಸೆ ಇನ್ನು ಜೀವನಪರ್ಯಂತ ನಿಷಿದ್ಧ. ಅದರ ಶಾಖ ತಂತಿಯ ಮೂಲಕ ಮೆದುಳನ್ನು ಸುಟ್ಟೀತು. ಇದನ್ನು ಮನೆಯವರೆಲ್ಲರಿಗೂ ಬಾಯಿಪಾಠ ಮಾಡಿಸಿದ್ದೇನೆ.

ಬ್ಯಾಟರಿಯ ಆಯ್ಕೆ ನನಗೆ ಸಿಕ್ಕಿದ ಕೊನೆಯ ಲೆಕ್ಕ. ಚಾರ್ಜ್ ಮಾಡದ ಬ್ಯಾಟರಿಯಾದರೆ ಮೂರರಿಂದ ಐದು ವರ್ಷ, ಆಮೇಲೆ ಎದೆಯನ್ನು ಮತ್ತೆ ಕೊಯ್ದು ಬದಲಿಸಬೇಕು. ಮೈಮೇಲಿಂದಲೇ ಚಾರ್ಜ್ ಮಾಡಿಕೊಳ್ಳುವಂಥದ್ದು ಹದಿನೈದು ವರ್ಷ ಬಾಳುತ್ತದೆ, ಬೆಲೆ ಹೆಚ್ಚು. ಯಾವುದು ಲಾಭ ಎಂದು ಕಾಗದದ ಮೇಲೆ ಗುಣಾಕಾರ ಮಾಡತೊಡಗಿದೆ. ನಾನು ಇನ್ನೆಷ್ಟು ವರ್ಷ ಬದುಕುತ್ತೇನೆ ಎಂಬ ಸಂಖ್ಯೆ ಇಲ್ಲದೆ ಆ ಲೆಕ್ಕ ಬಿಡಿಸಲು ಬರುವುದಿಲ್ಲ ಎಂದು ಆಮೇಲೆ ಹೊಳೆಯಿತು. “ಅಪ್ಪಾ, ನೀವು ಫೋನ್ ಚಾರ್ಜ್ ಮಾಡೋದೇ ಮರೀತೀರಿ” ಎಂದಳು ಮಗಳು. “ನಾನು ನೆನಪು ಮಾಡ್ತೀನಿ. ಹದಿನೈದು ವರ್ಷದ್ದೇ ಹಾಕ್ಸಿ” ಎಂದಳು ಅವಳಮ್ಮ. ಅಲ್ಲಿಗೆ ತೀರ್ಮಾನವಾಯಿತು.

ಈಗ ನನ್ನ ಬಾಕಿಯ ವಿಚಾರ. 2002ರಿಂದ ಆಚೆಗೆ ನನ್ನ ತರಗತಿಯಲ್ಲಿ ಎಡಗಡೆಯ ಬೆಂಚುಗಳಲ್ಲಿ ಕುಳಿತ ಹೆಣ್ಣುಮಕ್ಕಳೇ, ನಿಮ್ಮನ್ನು ನಾನು ನೋಡದಿದ್ದುದು ನಿಮ್ಮ ಮೇಲಿನ ಅಸಡ್ಡೆಯಿಂದಲ್ಲ. ಆದರೆ ನೀವು ಹಾಗೆ ತಿಳಿಯುವಂತೆ ಮಾಡಿದ್ದು ನಾನು. ಒಂದು ಮಾತು ಹೇಳಿದ್ದರೆ, ಯಾರಾದರೂ ಎದ್ದು ನಿಂತು “ಸಾರ್” ಎಂದು ಕರೆಯುತ್ತಿದ್ದಿರಿ. ನನ್ನ ಮಾನವನ್ನು ಉಳಿಸಿಕೊಳ್ಳಲು ನಿಮ್ಮ ಪಾಠವನ್ನು ಕಳೆದೆ. ಕ್ಷಮೆ ಕೇಳುತ್ತೇನೆ. ಬಸ್ ನಿಲ್ದಾಣದಲ್ಲಿ ಸಿಕ್ಕವಳು ಯಾರೆಂದು ಅವಳ ಸಹಪಾಠಿಗಳು ಗುರುತಿಸಬಹುದು. ದಯವಿಟ್ಟು ಹೆಸರನ್ನು ಎಲ್ಲಿಯೂ ಬರೆಯಬೇಡಿ. ಅವಳು ಸಿಕ್ಕರೆ ಇದನ್ನು ಓದಿ ಹೇಳಿ. ಅವಳು ಎತ್ತಿದ ಕೈ ನನಗೆ ಕಾಣಲಿಲ್ಲ ಎಂಬುದಕ್ಕಿಂತ ಮುಖ್ಯವಾಗಿ, ಅವಳು ಹೇಳಿದ ಮೇಲೂ ನಾನು ಬಾಯಿ ಬಿಡಲಿಲ್ಲ ಎಂಬುದಕ್ಕೆ ನನಗೆ ನಾಚಿಕೆಯಾಗಿದೆ ಎಂದು ತಿಳಿಸಿ.

ಶಸ್ತ್ರಚಿಕಿತ್ಸೆಯಾದ ಮೊದಲ ಕೆಲವು ವಾರ ಯಾರೂ ಬರುವುದು ಬೇಡ; ಸೋಂಕಿನ ಭಯವಿದೆ. ಫೋನ್ ಮಾಡಿದರೆ ಮಗಳು ವಿಷಯ ತಿಳಿಸುತ್ತಾಳೆ. ಆಮೇಲೆ ಮನೆಗೆ ಬನ್ನಿ. ಜಗುಲಿಯಲ್ಲಿ ನನ್ನ ಕುರ್ಚಿಯ ಬಲಗಡೆಗೆ ಒಂದು, ಎಡಗಡೆಗೆ ಒಂದು ಕುರ್ಚಿ ಹಾಕಿಸಿರುತ್ತೇನೆ. ಬೇಕಾದ ಕಡೆ ಕುಳಿತುಕೊಳ್ಳಿ. ಎಡಗಡೆ ಕುಳಿತವರ ಕಡೆ ಕತ್ತು ತಿರುಗಿದರೆ ಸಂತೋಷ. ತಿರುಗದಿದ್ದರೆ ಕುರ್ಚಿಯನ್ನೇ ತಿರುಗಿಸಿಕೊಂಡು ಕೂರುತ್ತೇನೆ. ಅಷ್ಟನ್ನು ಮಾಡಲು ಯಾವ ಶಸ್ತ್ರಚಿಕಿತ್ಸೆಯೂ ಬೇಕಾಗಿರಲಿಲ್ಲ.

ನಿಮ್ಮ,
ಬಿಳಿಗದ್ದದ ಮೇಷ್ಟ್ರು